ಕುಂಬಳಕಾಯಿಯಲ್ಲಿ ಸಿಕ್ಕ ಸಾಕ್ಷಿ

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನೋ ಗಾದೆ ನಿಮಗೆಲ್ಲ ಗೊತ್ತು. ಆದರೆ ಅಮೆರಿಕದಲ್ಲಿ ಒಬ್ಬರು ಕಳ್ಳತನದ ಸಾಕ್ಷಿಯನ್ನೇ ಕುಂಬಳಕಾಯಿಯೊಳಗೆ ಬಚ್ಚಿಟ್ಟಿದ್ದರು. ಅವರೇ ವಿಟೇಕರ್ ಚೇಂಬರ್ಸ್.

ಚೇಂಬರ್ಸ್ ಅವರು 1901ರ ಏಪ್ರಿಲ್ 1ರಂದು ಫಿಲಡೆಲ್ಫಿಯಾದಲ್ಲಿ ಜನಿಸಿದರು. ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದರೂ ಪದವಿ ಮುಗಿಸಲಿಲ್ಲ. ಬಡವರ ಕಷ್ಟ ನೀಗಲು ರಷ್ಯಾದ ದಾರಿಯೇ ಸರಿ ಎಂದು ನಂಬಿ 1925ರಲ್ಲಿ ಕಮ್ಯುನಿಸ್ಟ್ ಪಕ್ಷ ಸೇರಿದರು. ಆಮೇಲೆ ಸೋವಿಯತ್ ಬೇಹುಗಾರಿಕೆಗೂ ಇಳಿದರು. ವಾಷಿಂಗ್ಟನ್ ಕಚೇರಿಗಳ ಕೆಲವು ನೌಕರರು ಗುಟ್ಟಿನ ಕಾಗದ ಸಂಜೆ ಹೊರಗೆ ತರೋರು. ರಾತ್ರಿ ಅದರ ಫೋಟೋ ತೆಗೆದರೆ ಬೆಳಿಗ್ಗೆ ಕಾಗದ ಮತ್ತೆ ಫೈಲಿನಲ್ಲಿ! ಫಿಲಂ ರಷ್ಯಾದವರಿಗೆ ಮುಟ್ಟಿಸೋದು ಇವರ ಕೆಲಸ.

ಸ್ಟಾಲಿನ್ ತನ್ನವರನ್ನೇ ಕೊಲ್ಲಿಸುತ್ತಿರುವುದು ತಿಳಿದು 1938ರಲ್ಲಿ ಆ ಕೆಲಸ ಬಿಟ್ಟು ಓಡಿಹೋದರು. ಜೀವ ಉಳಿಸಿಕೊಳ್ಳಲು ಬೇಕಾದೀತೆಂದು ಕೆಲವು ಕಾಗದ, ಫಿಲಂಗಳನ್ನು ಸಂಬಂಧಿಕರ ಮನೆಯಲ್ಲಿ ಅಡಗಿಸಿದರು. 1939ರಲ್ಲಿ ಅಡಾಲ್ಫ್ ಬರ್ಲಿ ಎಂಬ ಹಿರಿಯ ಅಧಿಕಾರಿಗೆ ಹೆಸರುಗಳನ್ನೂ ಹೇಳಿದರು. ಅವರು ಬರೆದುಕೊಂಡರು, ಅಷ್ಟೇ. ವರ್ಷಗಟ್ಟಲೆ ಯಾರೂ ಕೇಳಲಿಲ್ಲ. ಚೇಂಬರ್ಸ್ ಟೈಮ್ ಪತ್ರಿಕೆಯಲ್ಲಿ ಕೆಲಸ ಮಾಡುತ್ತಿದ್ದರು.

1948ರ ಆಗಸ್ಟ್ 3ರಂದು ಸಂಸತ್ತಿನ ಸಮಿತಿಯ ಮುಂದೆ ಅವರು ಆಲ್ಜರ್ ಹಿಸ್ ಕೂಡ ಗುಪ್ತ ಕಮ್ಯುನಿಸ್ಟ್ ಆಗಿದ್ದರು ಎಂದಾಗ ದೇಶವೇ ಬೆಚ್ಚಿತು. ಹಿಸ್ ಸಾಮಾನ್ಯರಲ್ಲ! ವಿಶ್ವಸಂಸ್ಥೆ ಹುಟ್ಟಿದ 1945ರ ಸಭೆಗೆ ಮಹಾಕಾರ್ಯದರ್ಶಿ ಆಗಿದ್ದವರು. ಆ ಹೆಸರಿನ ಮನುಷ್ಯನನ್ನೇ ನಾನರಿಯೆ ಅಂದುಬಿಟ್ಟರು. ಜನ ಅವರನ್ನೇ ನಂಬಿದರು. ಮುಂದೆ ರಾಷ್ಟ್ರಾಧ್ಯಕ್ಷರಾದ ರಿಚರ್ಡ್ ನಿಕ್ಸನ್ ಆಗ ಸಮಿತಿಯ ಸದಸ್ಯ. ಅವರು ಮಾತ್ರ ಬಿಡಲಿಲ್ಲ.

ಇಲ್ಲಿ ಒಂದು ಹಕ್ಕಿ ಬರುತ್ತದೆ ನೋಡಿ. ಹಿಸ್ ಒಮ್ಮೆ ನದಿ ದಡದಲ್ಲಿ ಅಪರೂಪದ ಹಳದಿ ಹಕ್ಕಿ ಕಂಡು ಹಿಗ್ಗಿದ್ದರು ಎಂದು ಚೇಂಬರ್ಸ್ ಹೇಳಿದ್ದರು. ಸಮಿತಿಯ ಒಬ್ಬರು ಏನೂ ಅರಿಯದವರ ಹಾಗೆ ಆ ಹಕ್ಕಿಯ ಬಗ್ಗೆ ಕೇಳಿದರು. ಹಿಸ್ ಖುಷಿಯಿಂದ, ಹೌದು, ಪೊಟೊಮ್ಯಾಕ್ ನದಿ ಹತ್ತಿರ ನೋಡಿದ್ದೀನಿ ಎಂದರು! ಪರಿಚಯವೇ ಇಲ್ಲದಿದ್ದರೆ ಚೇಂಬರ್ಸ್‌ಗೆ ಇದು ಹೇಗೆ ಗೊತ್ತಾಗಬೇಕು?

ಹಿಸ್ ಮಾನನಷ್ಟದ ದಾವೆ ಹೂಡಿದರು. ಬೇಹುಗಾರಿಕೆ ನಡೆದೇ ಇಲ್ಲ ಎಂದು ಚೇಂಬರ್ಸ್ ತಾವೇ ಪ್ರಮಾಣ ಮಾಡಿ ಹೇಳಿದ್ದರು. ಈಗ ಕಾಗದ ತೋರಿಸಿದರೆ ತಾವೂ ಸುಳ್ಳುಗಾರರು, ತಾವೂ ಅಪರಾಧಿ. ಆದರೂ ತೋರಿಸಿದರು: ಟೈಪ್ ಮಾಡಿದ 65 ಹಾಳೆ, ಹಿಸ್ ಕೈಬರಹದ 4 ಚೀಟಿ. ಡಿಸೆಂಬರ್ 2ರ ರಾತ್ರಿ ತಮ್ಮ ಹೊಲಕ್ಕೆ ತನಿಖೆಯವರನ್ನು ಕರೆದೊಯ್ದು, ತಿರುಳು ತೆಗೆದ ಸಿಹಿಗುಂಬಳದ ಮುಚ್ಚಳ ಎತ್ತಿ ಫಿಲಂ ಸುರುಳಿ ಕೊಟ್ಟರು. ಎಲ್ಲವೂ ಮಹಾ ಗುಟ್ಟಲ್ಲ. ಕೆಲವದರಲ್ಲಿ ಬೆಂಕಿ ಆರಿಸುವ ಸಾಧನದ ವಿವರ ಇತ್ತು ಎಂದು 1975ರಲ್ಲಿ ಗೊತ್ತಾಯಿತು!

ಟೈಪ್ ಹಾಳೆಗಳ ಅಕ್ಷರ ಹಿಸ್ ಮನೆಯ ಹಳೇ ಪತ್ರಗಳ ಅಕ್ಷರಕ್ಕೆ ಹೊಂದಿತು. ಬೇಹುಗಾರಿಕೆಗೆ ಕೇಸು ಹಾಕುವ ಗಡುವು ಮುಗಿದಿದ್ದರಿಂದ 1950ರ ಜನವರಿಯಲ್ಲಿ ಸುಳ್ಳು ಸಾಕ್ಷಿಗಾಗಿ 5 ವರ್ಷ ಶಿಕ್ಷೆಯಾಯಿತು. ಮರುತಿಂಗಳೇ ಮೆಕಾರ್ಥಿ ಎಂಬ ಸೆನೆಟರ್ ಆಧಾರವಿಲ್ಲದೆ ಕಂಡಕಂಡವರನ್ನು ದೂರತೊಡಗಿದರು. ಅವರ ಹತ್ತಿರ ಇಂಥ ಕಾಗದ ಇರಲಿಲ್ಲ, ದೊಡ್ಡ ಗಂಟಲಿತ್ತು. ಚೇಂಬರ್ಸ್ ಕೊನೆಗೆ ಅವರಿಂದ ದೂರ ಸರಿದರು.

ಚೇಂಬರ್ಸ್ 1961ರ ಜುಲೈ 9ರಂದು ಅದೇ ಹೊಲದ ಮನೆಯಲ್ಲಿ ತೀರಿಕೊಂಡರು. ಹಿಸ್ 1996ರಲ್ಲಿ ಸಾಯುವ ತನಕ ತಪ್ಪು ಒಪ್ಪಲಿಲ್ಲ. 1995ರಲ್ಲಿ ಹೊರಬಂದ ಸೋವಿಯತ್ ಗುಪ್ತ ತಂತಿಗಳನ್ನು ನೋಡಿದ ಹೆಚ್ಚಿನ ಇತಿಹಾಸಕಾರರು ಚೇಂಬರ್ಸ್ ಮಾತೇ ನಿಜ ಅಂತಾರೆ. ಒಪ್ಪದವರೂ ಇದ್ದಾರೆ.