ಲಿಲಿ ಪಾರ್ ಎಂಬಾಕೆಯ ಚರಿತ್ರೆ

ಸ್ತ್ರೀಯರ ಚರಿತ್ರೆಗಳನ್ನು ಬರೆಯುವವರು ಸಾಧಾರಣವಾಗಿ ರಾಣಿಯರನ್ನೂ ವಿದುಷಿಯರನ್ನೂ ಆರಿಸಿಕೊಳ್ಳುತ್ತಾರೆ. ನಮ್ಮ ಶಾಲೆಯ ಈ ಸ್ಮರಣ ಸಂಚಿಕೆಯಲ್ಲಿ, ಹಳೆಯ ವಿದ್ಯಾರ್ಥಿನಿಯರ ಮತ್ತು ಬಾಲಿಕೆಯರ ತಾಯಿತಂದೆಗಳ ಮುಂದೆ, ನಾನು ಒಬ್ಬ ಕೂಲಿಕಾರನ ಮಗಳ ಚರಿತ್ರೆಯನ್ನು ಇಡಬಯಸುತ್ತೇನೆ. ಆಕೆಯು ಸುಮಾರು ಮೂವತ್ತು ವರ್ಷ ಕಾಲ್ಚೆಂಡನ್ನು ಆಡಿದಳು. ಈ ಆಟವು ಹೆಣ್ಣಿನ ಶರೀರಕ್ಕೆ ತಕ್ಕದ್ದಲ್ಲವೆಂದು ದೊಡ್ಡವರು ತೀರ್ಪು ಕೊಟ್ಟ ಮೇಲೆಯೂ ಆಡಿದಳು. ಆಕೆಯ ಹೆಸರು ಲಿಲಿ ಪಾರ್.

ಇಂಗ್ಲೆಂಡ್ ದೇಶದಲ್ಲಿ, ಆಗ ಲ್ಯಾಂಕಷೈರ್ ಪ್ರಾಂತಕ್ಕೆ ಸೇರಿದ್ದ ಸೇಂಟ್ ಹೆಲೆನ್ಸ್ ಎಂಬ ಪಟ್ಟಣವುಂಟು. ಅದು ಗಾಜಿನ ಕಾರ್ಖಾನೆಗಳಿಗೆ ಹೆಸರಾದ ಊರು. ಅಲ್ಲಿ 1905ನೆಯ ಇಸವಿ ಏಪ್ರಿಲ್ 26ರಂದು ಲಿಲಿಯು ಹುಟ್ಟಿದಳು. ತಂದೆಯು ಗಾಜಿನ ಕಾರ್ಖಾನೆಯಲ್ಲಿ ಕೂಲಿಮಾಡಿ ಏಳು ಮಕ್ಕಳ ಸಂಸಾರವನ್ನು ನಡಿಸುತ್ತಿದ್ದನು. ಮಕ್ಕಳಲ್ಲಿ ಲಿಲಿಯು ನಾಲ್ಕನೆಯವಳು. ಆಕೆಗೆ ಆಟವನ್ನು ಕಲಿಸಿದ ಗುರುಗಳು ಸ್ವಂತ ಅಣ್ಣಂದಿರೇ. ಮನೆಯ ಹತ್ತಿರದ ಪಾಳುಭೂಮಿಯಲ್ಲಿ ಅವರೊಡನೆ ಓಡುತ್ತಾ, ಬೀಳುತ್ತಾ, ದೂರದಿಂದ ಗುರಿಯಿಟ್ಟು ಚೆಂಡನ್ನು ಒದೆಯುವದನ್ನು ಆಕೆಯು ಕಲಿತಳು.

ಆ ಕಾಲದಲ್ಲಿ ಮೊದಲನೆಯ ಮಹಾಯುದ್ಧವು ನಡೆಯುತ್ತಿತ್ತು. ಗಂಡಸರು ರಣರಂಗಕ್ಕೆ ಹೋದದ್ದರಿಂದ ಕಾರ್ಖಾನೆಗಳ ಕೆಲಸವು ಸ್ತ್ರೀಯರ ಪಾಲಿಗೆ ಬಂತು. ಪ್ರೆಸ್ಟನ್ ನಗರದ ಡಿಕ್, ಕರ್ ಎಂಬ ಕಾರ್ಖಾನೆಯಲ್ಲಿ ಮದ್ದುಗುಂಡುಗಳನ್ನು ತಯಾರಿಸುತ್ತಿದ್ದ ಯುವತಿಯರು ಬಿಡುವಿನ ವೇಳೆಯಲ್ಲಿ ಕಾಲ್ಚೆಂಡನ್ನು ಆಡತೊಡಗಿದರು. ಅಲ್ಲಿಯ ಕಚೇರಿಯಲ್ಲಿದ್ದ ಆಲ್ಫ್ರೆಡ್ ಫ್ರ್ಯಾಂಕ್ಲೆಂಡ್ ಎಂಬವರು ಅವರನ್ನು ಒಂದು ತಂಡವಾಗಿ ಕೂಡಿಸಿದರು. 1917ನೆಯ ಇಸವಿಯ ಕ್ರಿಸ್ಮಸ್ ದಿನದಲ್ಲಿ, ಗಾಯಪಟ್ಟ ಸಿಪಾಯಿಗಳ ಆಸ್ಪತ್ರೆಯ ಸಹಾಯಾರ್ಥವಾಗಿ ಈ ತಂಡವು ಮೊದಲನೆಯ ಪಂದ್ಯವನ್ನು ಆಡಿದಾಗ, ನೋಡುವದಕ್ಕೆ ಸುಮಾರು 10,000 ಜನರು ಕೂಡಿದ್ದರು.

ಯುದ್ಧವು ಮುಗಿದರೂ ತಂಡವು ಮುರಿಯಲಿಲ್ಲ. ಒಮ್ಮೆ ಅದು ಸೇಂಟ್ ಹೆಲೆನ್ಸ್ ಪಟ್ಟಣದ ಸ್ತ್ರೀಯರ ತಂಡದೊಡನೆ ಆಡಿದಾಗ, ಎದುರು ಪಕ್ಷದಲ್ಲಿದ್ದ ಎತ್ತರವಾದ ಹುಡುಗಿಯೊಬ್ಬಳು ಫ್ರ್ಯಾಂಕ್ಲೆಂಡರ ಕಣ್ಣಿಗೆ ಬಿದ್ದಳು. ಆಕೆಗೆ ಆಗ ಹದಿನಾಲ್ಕೇ ವರ್ಷ. ಅವರು ಆಕೆಯನ್ನು ಪ್ರೆಸ್ಟನ್‌ಗೆ ಕರೆಯಿಸಿ ಕಾರ್ಖಾನೆಯಲ್ಲಿ ಕೆಲಸವನ್ನು ಕೊಡಿಸಿದರು. ಜತೆಯ ಆಟಗಾರ್ತಿಯೊಬ್ಬಳ ಮನೆಯಲ್ಲಿ ವಾಸಕ್ಕೆ ಏರ್ಪಾಡಾಯಿತು. ಪಂದ್ಯಕ್ಕಾಗಿ ಕೆಲಸ ತಪ್ಪಿದರೆ ನಷ್ಟವಾಗದಂತೆ ಪ್ರತಿ ಆಟಕ್ಕೆ 10 ಶಿಲ್ಲಿಂಗುಗಳು ದೊರೆಯುತ್ತಿದ್ದವು. ಲಿಲಿಯು ಆಡುತ್ತಿದ್ದದ್ದು ಎಡಗಡೆಯ ಅಂಚಿನಲ್ಲಿ. ಆಕೆಯ ಎಡಗಾಲಿನ ಹೊಡೆತದ ಬಿರುಸನ್ನು ಗಂಡಸರೂ ಮೆಚ್ಚುತ್ತಿದ್ದರು. ಮೊದಲನೆಯ ವರ್ಷದ ಆಟಗಳಲ್ಲಿಯೇ ಆಕೆಯು 43 ಗೋಲುಗಳನ್ನು ಹೊಡೆದಳೆಂದು ಹೇಳುತ್ತಾರೆ.

1920ನೆಯ ಇಸವಿ ಡಿಸೆಂಬರ್ 26ರಂದು ಲಿವರ್‌ಪೂಲ್ ನಗರದ ಗುಡಿಸನ್ ಪಾರ್ಕ್ ಎಂಬ ಬಯಲಿನಲ್ಲಿ ನಡೆದ ಪಂದ್ಯವು ಚರಿತ್ರಾರ್ಹವಾದದ್ದು. ಆ ದಿನ 53,000 ಜನರು ಒಳಗೆ ಕೂತು ನೋಡಿದರು. ಸ್ಥಳವಿಲ್ಲದೆ ಬಾಗಿಲಿನ ಹೊರಗೆ ಉಳಿದವರು ಇನ್ನೂ ಸಾವಿರಾರು. ಎದುರು ಪಕ್ಷದವರು ಲಿಲಿಯ ಹುಟ್ಟೂರಿನವರೇ. ಡಿಕ್, ಕರ್ ತಂಡವು ನಾಲ್ಕು ಗೋಲುಗಳಿಂದ ಗೆದ್ದಿತು. ಧರ್ಮಕಾರ್ಯಕ್ಕಾಗಿ ಆ ಒಂದೇ ದಿನದಲ್ಲಿ 3,000 ಪೌಂಡುಗಳಿಗಿಂತ ಹೆಚ್ಚು ಹಣವು ಕೂಡಿತು. ಲಿಲಿಗೆ ಆಗ ಹದಿನೈದು ವರ್ಷ. ನಮ್ಮ ಹತ್ತನೆಯ ತರಗತಿಯ ಬಾಲಿಕೆಯ ವಯಸ್ಸು.

ಇಷ್ಟು ದೊಡ್ಡ ಉತ್ಸಾಹವು ಒಂದು ವರ್ಷದೊಳಗೆ ತಡೆಯಲ್ಪಟ್ಟಿತು. 1921ನೆಯ ಇಸವಿ ಡಿಸೆಂಬರ್ 5ರಂದು ಇಂಗ್ಲೆಂಡಿನ ಫುಟ್‌ಬಾಲ್ ಸಂಘವು ಸಭೆ ಸೇರಿ, ತನ್ನ ಅಧೀನದ ಬಯಲುಗಳಲ್ಲಿ ಸ್ತ್ರೀಯರಿಗೆ ಆಡಗೊಡಬಾರದೆಂದು ನಿರ್ಣಯಿಸಿತು. ಈ ಆಟವು ಸ್ತ್ರೀಯರಿಗೆ ಯೋಗ್ಯವಾದದ್ದಲ್ಲ ಎಂಬದು ಒಂದು ಕಾರಣ. ಕೂಡಿದ ಹಣದಲ್ಲಿ ಬಹುಪಾಲು ಧರ್ಮಕ್ಕೆ ಸಲ್ಲದೆ ವೆಚ್ಚಕ್ಕೇ ಹೋಗುತ್ತದೆ ಎಂಬದು ಇನ್ನೊಂದು. ಕೆಲವು ವೈದ್ಯರು ಸಹ ಈ ಆಟದಿಂದ ಹೆಣ್ಣಿನ ದೇಹಕ್ಕೆ ಹಾನಿಯುಂಟೆಂದು ಹೇಳಿದರು. ದೊಡ್ಡ ಬಯಲುಗಳ ಬಾಗಿಲುಗಳು ಮುಚ್ಚಿದವು. ಸಹಸ್ರಾರು ಜನರ ಕೈಚಪ್ಪಾಳೆಯನ್ನು ಕೇಳಿದ್ದ ಹುಡುಗಿಯರಲ್ಲಿ ಅನೇಕರು ಆಟವನ್ನು ಬಿಟ್ಟು ಮನೆ ಸೇರಿದರು.

ಲಿಲಿಯು ಬಿಡಲಿಲ್ಲ. ಸಂಘದ ಬಯಲು ಇಲ್ಲವಾದರೆ ಬೇರೆ ಬಯಲು ಸಾಕೆಂದು ಆಕೆಯ ತಂಡವು ಆಟವನ್ನು ಮುಂದುವರಿಸಿತು. 1922ರಲ್ಲಿ ತಂಡವು ಸಮುದ್ರ ದಾಟಿ ಕೆನಡಕ್ಕೆ ಹೋಯಿತು. ಅಲ್ಲಿಯ ಸಂಘದವರೂ ಆಡಗೊಡಲಿಲ್ಲ. ಅಲ್ಲಿಂದ ಅಮೇರಿಕದ ಸಂಯುಕ್ತ ಸಂಸ್ಥಾನಗಳಿಗೆ ಹೋದಾಗ ಎದುರಾಗಿ ನಿಂತವರು ಗಂಡಸರ ತಂಡಗಳು! ಹೆಂಗಸರು ಹಿಂಜರಿಯದೆ ಆಡಿ, ಕೆಲವು ಪಂದ್ಯಗಳನ್ನು ಗೆದ್ದರು, ಕೆಲವನ್ನು ಸೋತರು, ಕೆಲವನ್ನು ಸರಿಸಮವಾಗಿ ಮುಗಿಸಿದರು.

1926ರಲ್ಲಿ ಕಾರ್ಖಾನೆಯ ಆಶ್ರಯವೂ ತಪ್ಪಿತು. ತಂಡವು ಪ್ರೆಸ್ಟನ್ ಸ್ತ್ರೀಯರ ತಂಡವೆಂಬ ಹೊಸ ಹೆಸರನ್ನು ತಾಳಿ ಉಳಿದುಕೊಂಡಿತು. ಲಿಲಿಯು ಪ್ರೆಸ್ಟನ್ ಸಮೀಪದ ವಿಟಿಂಗ್‌ಹ್ಯಾಂ ಎಂಬಲ್ಲಿಯ ಮಾನಸಿಕ ರೋಗಿಗಳ ಆಸ್ಪತ್ರೆಯನ್ನು ಸೇರಿ, ಶಿಕ್ಷಣ ಹೊಂದಿ ದಾದಿಯಾದಳು. ಮತಿಭ್ರಮಣೆಯಾದವರ ಶುಶ್ರೂಷೆ ಎಷ್ಟು ಕಠಿಣವಾದದ್ದೆಂಬದನ್ನು, ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ದಾದಿಯರಾಗಿರುವವರು ಬಲ್ಲರು. ಅಂಥ ಕೆಲಸವನ್ನು ನಿರ್ವಹಿಸುತ್ತಲೇ ಆಕೆಯು ಬಿಡುವಿನ ದಿನಗಳಲ್ಲಿ ಆಡುತ್ತಿದ್ದಳು. 1946ರಲ್ಲಿ ತಂಡದ ನಾಯಕಿಯಾದಳು. 1951ರಲ್ಲಿ ಆಟವನ್ನು ಬಿಟ್ಟಾಗ ಆಕೆಗೆ ನಾಲ್ವತ್ತಾರು ವರ್ಷ. ಅಷ್ಟರೊಳಗೆ ಹೊಡೆದ ಗೋಲುಗಳು ಒಂಬೈನೂರರ ಸುಮಾರು ಎಂದು ಎಣಿಸುತ್ತಾರೆ. ಹೆಣ್ಣಿನ ದೇಹವು ಈ ಆಟವನ್ನು ತಾಳದೆಂಬ ಮಾತಿಗೆ ಇದಕ್ಕಿಂತ ಬೇರೆ ಉತ್ತರವೇಕೆ?

ಆಕೆಯಲ್ಲಿದ್ದದ್ದೆಲ್ಲವೂ ಅನುಕರಣೀಯವೆಂದು ನಾನು ಹೇಳಲಾರೆ. ಹೊಗೆಬತ್ತಿಯನ್ನು ಸೇದುವ ಅಭ್ಯಾಸವು ಆಕೆಗೆ ಬಲವಾಗಿತ್ತು. ಅದನ್ನು ಮರೆಮಾಡಿದರೆ ಚರಿತ್ರೆಯು ಸತ್ಯವಾಗದು. ಆದರೆ ಕೆಲಸದಲ್ಲಿಯೂ ಆಟದಲ್ಲಿಯೂ ಆಕೆಯ ನಿಷ್ಠೆಯು ಕುಂದಲಿಲ್ಲ.

1967ರಲ್ಲಿ ಸ್ತನದ ಕ್ಯಾನ್ಸರ್ ರೋಗಕ್ಕಾಗಿ ಆಕೆಗೆ ಶಸ್ತ್ರಚಿಕಿತ್ಸೆಯಾಯಿತು. 1971ರಲ್ಲಿ, ಅಂದರೆ ಐವತ್ತು ವರ್ಷಗಳಾದ ಮೇಲೆ, ಸ್ತ್ರೀಯರ ಮೇಲಿನ ನಿಷೇಧವು ತೊಲಗಿತು. ಮಾರನೆಯ ವರ್ಷ ಇಂಗ್ಲೆಂಡಿನ ಸ್ತ್ರೀಯರ ತಂಡವು ಸ್ಕಾಟ್ಲೆಂಡಿನೊಡನೆ ತನ್ನ ಮೊದಲನೆಯ ಅಧಿಕೃತ ಪಂದ್ಯವನ್ನು ಆಡಿತು. ಮುಚ್ಚಿದ ಬಾಗಿಲು ತೆರೆದದ್ದನ್ನು ಲಿಲಿಯು ಬದುಕಿದ್ದು ಕಂಡಳು. ಆದರೆ ಒಳಗೆ ಕಾಲಿಡುವ ಪ್ರಾಯವು ಕಳೆದಿತ್ತು. 1978ನೆಯ ಇಸವಿ ಮೇ 24ರಂದು ಆಕೆಯು ತೀರಿಕೊಂಡಳು. ದೇಹವನ್ನು ಹುಟ್ಟೂರಿನಲ್ಲಿಯೇ ಸಮಾಧಿಮಾಡಿದರು.

ಸನ್ಮಾನವು ಬಹಳ ತಡವಾಗಿ ಬಂತು. 2002ರಲ್ಲಿ ಇಂಗ್ಲೆಂಡಿನ ರಾಷ್ಟ್ರೀಯ ಫುಟ್‌ಬಾಲ್ ವಸ್ತುಸಂಗ್ರಹಾಲಯದವರು ಕೀರ್ತಿವಂತ ಆಟಗಾರರ ಸಾಲಿಗೆ ಲಿಲಿಯನ್ನು ಸೇರಿಸಿದರು. ಆ ಸಾಲನ್ನು ಸೇರಿದ ಸ್ತ್ರೀಯರಲ್ಲಿ ಆಕೆಯೇ ಮೊದಲನೆಯವಳು. 2019ರಲ್ಲಿ ಮ್ಯಾಂಚೆಸ್ಟರ್ ನಗರದಲ್ಲಿ ಆಕೆಯ ಪ್ರತಿಮೆಯನ್ನು ನಿಲ್ಲಿಸಿದರು. 2022ರಲ್ಲಿ ಯೂರೋಪಿನ ಪಂದ್ಯಾವಳಿಯ ಕೊನೆಯ ಆಟವನ್ನು ಇಂಗ್ಲೆಂಡಿನ ಸ್ತ್ರೀಯರು ಲಂಡನ್ ನಗರದಲ್ಲಿ ಗೆದ್ದಾಗ, ಬಯಲಿನಲ್ಲಿದ್ದ ಪ್ರೇಕ್ಷಕರು 87,192 ಮಂದಿ.

ಪ್ರಿಯ ತಾಯಿತಂದೆಗಳೇ, ಪ್ರತಿ ವರ್ಷ ಶಾಲೆ ತೆರೆದ ಮೇಲೆ ನನ್ನ ಮೇಜಿಗೆ ಕೆಲವು ಪತ್ರಗಳು ಬರುತ್ತವೆ. ಮಗಳು ದೊಡ್ಡವಳಾಗಿದ್ದಾಳೆ, ಇನ್ನು ಮುಂದೆ ಕಸರತ್ತಿನಿಂದಲೂ ಆಟದಿಂದಲೂ ಬಿಡುಗಡೆ ಕೊಡಬೇಕೆಂದು ಅವುಗಳಲ್ಲಿ ಬರೆದಿರುತ್ತದೆ. ಬರೆದವರ ವಾತ್ಸಲ್ಯದಲ್ಲಿ ನನಗೆ ಸಂಶಯವಿಲ್ಲ. ಅವರಲ್ಲಿ ಕೆಲವರು ಇದೇ ಬಯಲಿನಲ್ಲಿ ಓಡಿ ಬೆಳೆದ ನಮ್ಮ ಹಳೆಯ ವಿದ್ಯಾರ್ಥಿನಿಯರು. ದೇಹದಲ್ಲಿ ನಿಜವಾದ ಅಸ್ವಸ್ಥತೆಯಿದ್ದರೆ ವೈದ್ಯರ ಮಾತಿನಂತೆ ನಡೆಯೋಣ. ಹಾಗಿಲ್ಲದಿದ್ದರೆ, ಮುಂದಿನ ಪತ್ರವನ್ನು ಬರೆಯುವ ಮೊದಲು ಹಗಲೆಲ್ಲ ರೋಗಿಗಳನ್ನು ನೋಡಿಕೊಂಡು ನಾಲ್ವತ್ತಾರನೆಯ ವಯಸ್ಸಿನ ವರೆಗೂ ಆಡಿದ ಆ ದಾದಿಯನ್ನು ಒಮ್ಮೆ ಸ್ಮರಿಸಿರಿ. ನಿಮ್ಮ ಮಗಳಿಗೆ ಸಾಯಂಕಾಲದ ಒಂದು ತಾಸನ್ನು ಬಿಟ್ಟುಕೊಡಿರಿ. ನಮ್ಮ ಶಾಲೆಯ ಬಯಲಿನ ಬಾಗಿಲು ತೆರೆದೇ ಇದೆ.