ಶಿವರಾಮ ಕಾರಂತರ ರಂಗದೃಷ್ಟಿ: ಮೂಕಿ ಚಿತ್ರದಿಂದ ಕಾರವಾರದವರೆಗೆ

ಕೋಟದಲ್ಲಿ 1902ರಲ್ಲಿ ಜನಿಸಿದ ಶಿವರಾಮ ಕಾರಂತರು ಮಹಾಕಾದಂಬರಿಕಾರರಾಗಿದ್ದೂ ರಂಗದಲ್ಲಿ ಮಾತಿಗಿಂತ ದೇಹದ ಚಲನೆಯನ್ನೇ ಹೆಚ್ಚು ನಂಬಿದವರು. 1930ರಲ್ಲಿ ಅಸ್ಪೃಶ್ಯತೆಯನ್ನು ಕುರಿತು ಅವರು ನಿರ್ದೇಶಿಸಿದ ‘ಡೊಮಿಂಗೋ’ ಮೂಕಿ ಚಿತ್ರವಾಗಿತ್ತು. ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಬಳಿಕ, ಬಡಗುತಿಟ್ಟಿನ ಆಟದಿಂದ ಆಶುಮಾತನ್ನು ಕೈಬಿಟ್ಟು, ಪಿಟೀಲು, ಸ್ಯಾಕ್ಸೊಫೋನುಗಳನ್ನು ಸೇರಿಸಿ, ಹಾಡು ಕುಣಿತಗಳಿಂದಲೇ ಕಥೆ ನಡೆಸುವ ಬ್ಯಾಲೆಯನ್ನು ರೂಪಿಸಿದರು. ಅರ್ಥಗಾರಿಕೆಯೇ ಪ್ರಸಂಗದ ಜೀವವೆಂದು ಬಗೆದವರು ಇದನ್ನು ಒಪ್ಪಲಿಲ್ಲ. ಮಾತಿನ ಅಗತ್ಯ ಬೇರೊಂದೆಡೆ ಒದಗಿತು. ಕಾರವಾರ ತಾಲೂಕಿನ ಕೈಗಾ ಅಣುಸ್ಥಾವರವನ್ನು ವಿರೋಧಿಸಿ, 1989ರಲ್ಲಿ, ಎಂಬತ್ತೇಳನೆಯ ವಯಸ್ಸಿನಲ್ಲಿ, ಕಾರವಾರ, ಅಂಕೋಲೆಗಳನ್ನೊಳಗೊಂಡ ಲೋಕಸಭಾ ಕ್ಷೇತ್ರದಿಂದ ಸ್ಪರ್ಧಿಸಿ ಸೋತರು. 1997ರಲ್ಲಿ ಅವರು ನಿಧನರಾದರು. 2000ದಲ್ಲಿ ಕೈಗಾ ವಿದ್ಯುತ್ ಉತ್ಪಾದನೆಯನ್ನು ಆರಂಭಿಸಿತು. ಯಕ್ಷಗಾನದಲ್ಲಿ ಮಾತಿನ ಸ್ಥಾನವೇನೆಂಬ ಅವರ ಪ್ರಶ್ನೆ ಮಾತ್ರ ವಿದ್ವಾಂಸರಲ್ಲಿ ಇನ್ನೂ ಚರ್ಚೆಗೆ ತೆರೆದಿದೆ.