ಒಂದೇ ಲೆಕ್ಕ, ಎರಡು ದಾರಿ: ಭಾಸ್ಕರಾಚಾರ್ಯರ ಜೀವನ

ರಾಯಚೂರು ನಗರ, ದೇವದುರ್ಗ, ಮಾನ್ವಿಯ ಶಾಲೆಗಳಿಗೆ ಬೋಧನಾಭ್ಯಾಸಕ್ಕೆ ಹೋಗುವ ಪ್ರಶಿಕ್ಷಣಾರ್ಥಿಗಳಿಗೆ ಉತ್ತರಪತ್ರಿಕೆ ತಿದ್ದುವಾಗ ಒಂದು ಗೊಂದಲ ಎದುರಾಗಬಹುದು. ಆರನೆಯ ತರಗತಿಯ ಅಂಕಗಣಿತದ ಲೆಕ್ಕಕ್ಕೆ ಮಗುವೊಂದು ಎಕ್ಸ್ ಇಟ್ಟುಕೊಂಡು ಸಮೀಕರಣ ಬಿಡಿಸಿದೆ. ಉತ್ತರ ಸರಿ, ವಿಧಾನ ನಾವು ಕಲಿಸಿದ್ದಲ್ಲ. ಅಂಕ ಕೊಡಬೇಕೇ, ಬೇಡವೇ? ಈ ಪ್ರಶ್ನೆಗೆ ಭಾಸ್ಕರಾಚಾರ್ಯರ ಬದುಕಿನಲ್ಲಿ ದಾರಿ ಸಿಗುತ್ತದೆ.

ಭಾಸ್ಕರಾಚಾರ್ಯರು ಹುಟ್ಟಿದ್ದು 1114ರಲ್ಲಿ. ತಮ್ಮ ಊರು ಸಹ್ಯಾದ್ರಿಯ ಬಳಿಯ ವಿಜ್ಜಡವಿಡ ಎಂದು ಅವರೇ ಹೇಳಿಕೊಂಡಿದ್ದಾರೆ. ಅದು ನಮ್ಮ ವಿಜಯಪುರವೇ ಎಂಬುದು ಕೆಲವರ ಮತ. ಮಹಾರಾಷ್ಟ್ರದ ಊರೆಂಬುದು ಬೇರೆಯವರ ಮತ. ತಂದೆ ಮಹೇಶ್ವರರೇ ಗುರು. 36ನೆಯ ವಯಸ್ಸಿನಲ್ಲಿ, ಅಂದರೆ 1150ರಲ್ಲಿ, ಅವರು ಸಿದ್ಧಾಂತ ಶಿರೋಮಣಿಯನ್ನು ರಚಿಸಿದರು. ಅದಕ್ಕೆ ನಾಲ್ಕು ಭಾಗಗಳು: ಅಂಕಗಣಿತದ ಲೀಲಾವತಿ, ಬೀಜಗಣಿತ, ಗ್ರಹಗಣಿತ, ಗೋಲಾಧ್ಯಾಯ. ಗ್ರಹದ ತಾತ್ಕಾಲಿಕ ಗತಿಯವರೆಗೆ ಯೋಚಿಸಿದ್ದ ಈ ಪಂಡಿತರು ಹೊಸ ಕಲಿಯುವವರಿಗೆ ಮೊದಲು ಲೀಲಾವತಿಯನ್ನೇ ಇಟ್ಟರು. ಅಲ್ಲಿ ಅವ್ಯಕ್ತ ರಾಶಿಯ ಸಮೀಕರಣಗಳಿಲ್ಲ. ಸೂತ್ರ, ಉದಾಹರಣೆಗಳ ಕ್ರಮವಿದೆ.

ಲೀಲಾವತಿಯ ದುಂಬಿಗಳ ಲೆಕ್ಕ ಪ್ರಸಿದ್ಧ. ಹಿಂಡಿನ ಅರ್ಧದ ವರ್ಗಮೂಲದಷ್ಟು ದುಂಬಿಗಳು ಮಲ್ಲಿಗೆಯತ್ತ ಹಾರಿದವು. ಇಡೀ ಹಿಂಡಿನ 8/9 ಭಾಗವೂ ಹೋಯಿತು. ಉಳಿದದ್ದು ತಾವರೆಯೊಳಗೆ ಸಿಕ್ಕಿಬಿದ್ದ ಗಂಡು, ಹೊರಗೆ ಅದಕ್ಕೆ ಓಗೊಡುವ ಹೆಣ್ಣು. ಹಾಗಾದರೆ ಒಟ್ಟು ಎಷ್ಟು? ಲೀಲಾವತಿಯಲ್ಲಿ ಇದಕ್ಕೆ ಸಿದ್ಧ ಸೂತ್ರ ಸಾಕು, ಉತ್ತರ 72. ಇದೇ ಲೆಕ್ಕವನ್ನು ಅವರು ಬೀಜಗಣಿತದಲ್ಲಿ ಮತ್ತೆ ಕೊಟ್ಟಿದ್ದಾರೆ. ಅಲ್ಲಿ ಹಿಂಡನ್ನು ಅವ್ಯಕ್ತದ ವರ್ಗದ ಎರಡರಷ್ಟು ಎಂದಿಟ್ಟುಕೊಂಡರೆ ವರ್ಗ ಸಮೀಕರಣ ಬರುತ್ತದೆ. ಅವ್ಯಕ್ತದ ಬೆಲೆ 6, ಅದರ ವರ್ಗ 36, ಎರಡರಷ್ಟು 72. ಪರೀಕ್ಷಿಸಿದರೆ 6, 64, 2 ಕೂಡಿ 72 ಆಗುತ್ತದೆ.

ಕೆಳಗಿನ ದಾರಿ ಕೀಳು, ಮೇಲಿನ ದಾರಿ ನಿಷಿದ್ಧ ಎಂದು ಅವರು ಭಾವಿಸಲಿಲ್ಲ. ಅಕ್ಷರ, ಚಿಹ್ನೆಗಳೇ ಬೀಜಗಣಿತವಲ್ಲ, ಬುದ್ಧಿಯೇ ಅದರ ತಿರುಳು ಎಂಬುದು ಅವರ ನಿಲುವು. ಉಪಪತ್ತಿ, ಎಂದರೆ ಕಾರಣ ಸಹಿತ ವಿವರಣೆ, ಇಲ್ಲದ ಗಣಿತಜ್ಞನಿಗೆ ವಿದ್ವತ್ ಸಭೆಯಲ್ಲಿ ಮನ್ನಣೆಯಿಲ್ಲ ಎಂದೂ ಅವರು ನಂಬಿದ್ದರು. ಅದಕ್ಕೇ ತಮ್ಮ ಗ್ರಂಥಕ್ಕೆ ತಾವೇ ವ್ಯಾಖ್ಯಾನ ಬರೆದರು. 1183ರಲ್ಲಿ, ಇಳಿವಯಸ್ಸಿನಲ್ಲಿ, ಲೆಕ್ಕಗಳನ್ನು ಸುಲಭಗೊಳಿಸುವ ಕರಣಕುತೂಹಲವನ್ನು ರಚಿಸಿದರು. ಮೊಮ್ಮಗ ಚಾಂಗದೇವ ಅಜ್ಜನ ಗ್ರಂಥಗಳ ಪಾಠಕ್ಕಾಗಿ ಮಠವೊಂದನ್ನು ಸ್ಥಾಪಿಸಿದ ಸಂಗತಿ ಮಹಾರಾಷ್ಟ್ರದ ಪಾಟಣದ 1207ರ ಶಾಸನದಲ್ಲಿದೆ.

ಈಗ ಆ ಉತ್ತರಪತ್ರಿಕೆಗೆ ಬರೋಣ. ಪ್ರಶ್ನೆಯಲ್ಲಿ ಇಂಥದೇ ವಿಧಾನದಿಂದ ಬಿಡಿಸಿ ಎಂದಿದ್ದರೆ ಪರೀಕ್ಷೆ ಆ ವಿಧಾನದ್ದು. ಮಗು ಅದನ್ನೇ ತೋರಿಸಬೇಕು. ಹಾಗೆ ಕೇಳಿರದಿದ್ದರೆ, ಹಂತಗಳು ಸರಿಯಿದ್ದಲ್ಲಿ, ಸೊನ್ನೆ ಸುತ್ತುವುದು ಅನ್ಯಾಯ. ಕೆಂಪು ಶಾಯಿಯ ಒಂದು ಸೊನ್ನೆ ಮಗುವಿನ ಯೋಚನೆಯನ್ನೇ ನಿಲ್ಲಿಸೀತು. ಟ್ಯೂಷನ್ನಿನಲ್ಲಿ ಬಾಯಿಪಾಠ ಮಾಡಿದ್ದೆಂಬ ಅನುಮಾನ ಬಂದರೆ ಮಗುವನ್ನು ಹತ್ತಿರ ಕರೆದು ಹೀಗೇಕೆ ಮಾಡಿದೆ ಎಂದು ಕೇಳೋಣ. ಕಾರಣ ಹೇಳಿದರೆ ಅದು ಕಲಿಕೆ. ಹೇಳಲಾಗದಿದ್ದರೆ ನಮ್ಮ ಮರುದಿನದ ಪಾಠ ಅಲ್ಲಿಂದಲೇ ಶುರುವಾಗಲಿ.